ಮೊದಲ ಸಂಬಳದ ಲೆಕ್ಕ

(ಸಂಘದ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಯಾವ ಕಾಲೇಜಿನಲ್ಲಿ ಏನನ್ನು ಓದಿದರೆ ಒಳ್ಳೆಯ ಸಂಬಳದ ನೌಕರಿ ಸಿಕ್ಕೀತು ಎಂಬ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡಾಗ ನಾನು ಎರಡು ದಿನ ಉತ್ತರ ಕೊಡಲಿಲ್ಲ. ಸಂಬಳದ ಮಾತೆತ್ತಿದರೆ ಸಂಸ್ಕೃತಿಗೆ ಅಪಚಾರವಾಗುತ್ತದೆಂದು ತಿಳಿಯುವವನು ನಾನಲ್ಲ. ಈ ಮಹಾನಗರಕ್ಕೆ ನಾವೆಲ್ಲ ಬಂದದ್ದೇ ಹೊಟ್ಟೆಪಾಡಿಗಾಗಿ. ನಾನು ಹಿಂಜರಿದದ್ದು, ಈ ವಿಷಯದಲ್ಲಿ ಸ್ವತಃ ಎಡವಿದವನೆಂಬ ಕಾರಣಕ್ಕೆ. ಆ ಸಂಗತಿಗೆ ಆಮೇಲೆ ಬರುತ್ತೇನೆ.

ನಮ್ಮ ಹಿರಿಯರಿಗೆ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಫೋರ್ಟಿನ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ತೂಕಡಿಸುತ್ತ ಕಲಿತವರು ಅವರು. ಮೊಗವೀರ ಸಮಾಜದವರು 1908ರಷ್ಟು ಹಿಂದೆಯೇ ಇಲ್ಲಿ ರಾತ್ರಿಶಾಲೆ ತೆರೆದರು. 1946ರಲ್ಲಿ ಡಾ. ಅಂಬೇಡ್ಕರರು ಸ್ಥಾಪಿಸಿದ ಸಿದ್ಧಾರ್ಥ ಕಾಲೇಜು, ಹಗಲು ನೌಕರಿ ಮಾಡುವವರಿಗೆಂದು ಬೆಳಗಿನ ತರಗತಿಗಳನ್ನು ನಡೆಸಿತು. ಹತ್ತು ಗಂಟೆಗೆ ಕೆಲಸಕ್ಕೆ ಹಾಜರಾಗಬೇಕಾದ ಹುಡುಗನಿಗೆ ಪ್ರಯೋಗಾಲಯವಿರುವ ವಿಜ್ಞಾನ ಒಗ್ಗುತ್ತಿರಲಿಲ್ಲ. ವಾಣಿಜ್ಯವೋ ಕಲೆಯೋ ಅನಿವಾರ್ಯವಾಗುತ್ತಿತ್ತು. ಮುಂಬಯಿ ಕನ್ನಡಿಗರಲ್ಲಿ ಇಷ್ಟೊಂದು ಬಿ.ಕಾಂ.ಗಳಿರುವುದಕ್ಕೆ ನಮ್ಮ ಅಭಿರುಚಿಗಿಂತ ಈ ವೇಳಾಪಟ್ಟಿಯೇ ಹೆಚ್ಚು ಕಾರಣವೆಂದು ನನ್ನ ಎಣಿಕೆ.

ನಾನೂ ಆ ಸಾಲಿನವನೇ. 1985ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಕುಂದಾಪುರದ ಕಡೆಯ ಒಂದು ಹಳ್ಳಿಯಿಂದ ಘಾಟ್‌ಕೋಪರಿನ ಸೋದರಮಾವನ ಹೋಟೆಲಿಗೆ ಬಂದೆ. ರಾತ್ರಿಶಾಲೆ, ಆಮೇಲೆ ಬೆಳಗಿನ ಕಾಲೇಜು, ಬಿ.ಕಾಂ., ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪರೀಕ್ಷೆ, ಕೇಂದ್ರ ಸರಕಾರದ ನೌಕರಿ. ಕಲೀನಾದ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಮಾಡಿದ್ದು ನೌಕರಿ ಖಾಯಂ ಆದ ಮೇಲೆ. ಅದರಿಂದ ನನ್ನ ಸಂಬಳಕ್ಕೆ ಒಂದು ರೂಪಾಯಿಯೂ ಸೇರಲಿಲ್ಲ. ಸೇರಲಿಲ್ಲವೆಂಬ ದುಃಖವೂ ನನಗಿಲ್ಲ.

ಆ ದಿನಗಳಲ್ಲಿ ಒಳ್ಳೆಯ ಸಂಬಳವೆಂದರೆ ಬ್ಯಾಂಕು. ನಮ್ಮ ಕರಾವಳಿಯಲ್ಲಿ ಹುಟ್ಟಿ ರಾಷ್ಟ್ರೀಕೃತವಾದ ಬ್ಯಾಂಕುಗಳೇ ನಾಲ್ಕು. ಬ್ಯಾಂಕಿನ ಹುಡುಗನೆಂದರೆ ಹೆಣ್ಣು ಕೊಡುವವರು ಜಾತಕವನ್ನೂ ಅಷ್ಟಾಗಿ ನೋಡುತ್ತಿರಲಿಲ್ಲ. 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿನಲ್ಲಿ ವಿಲೀನವಾಯಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ. ನೌಕರರು ಬೀದಿಗೆ ಬೀಳಲಿಲ್ಲ, ನಿಜ. ಗಿರಣಿ ಕಾರ್ಮಿಕರಿಗೆ ಆ ಭಾಗ್ಯವೂ ಇರಲಿಲ್ಲ. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಅವರಲ್ಲಿ ಬಹಳ ಮಂದಿ ಮತ್ತೆ ಗಿರಣಿಯ ಒಳಗೆ ಕಾಲಿಡಲೇ ಇಲ್ಲ. ಪರೇಲಿನ ಆ ಜಾಗಗಳಲ್ಲಿ ಈಗ ಗಾಜಿನ ಕಟ್ಟಡಗಳಿವೆ; ನಮ್ಮ ಮಕ್ಕಳಲ್ಲಿ ಕೆಲವರು ಅಲ್ಲಿಯೇ ನೌಕರಿಗೆ ಹೋಗುತ್ತಾರೆ.

ಇದೇ ಗಿರಣಿಗಳ ನಗರದಲ್ಲಿ, 1933ರಲ್ಲಿ, ವಿಶ್ವವಿದ್ಯಾಲಯವು ರಾಸಾಯನಿಕ ತಂತ್ರಜ್ಞಾನ ವಿಭಾಗವನ್ನು ಆರಂಭಿಸಿತು. ಮಾಟುಂಗಾದಲ್ಲಿರುವ ಆ ಸಂಸ್ಥೆಯನ್ನು ಹಳಬರು ಇಂದಿಗೂ ಯು.ಡಿ.ಸಿ.ಟಿ. ಎಂದೇ ಕರೆಯುತ್ತಾರೆ. ಮೊದಲಿಗೆ ಅಲ್ಲಿ ಕಲಿಸಿದ್ದು ಜವಳಿ ರಸಾಯನ ಮತ್ತು ಕೆಮಿಕಲ್ ಇಂಜಿನಿಯರಿಂಗ್. ಗಿರಣಿಗಳು ಮುಚ್ಚಿದವು, ಸಂಸ್ಥೆ ಮುಚ್ಚಲಿಲ್ಲ. ಅಲ್ಲಿ ಕಲಿತವರು ಔಷಧ, ಬಣ್ಣ, ಪ್ಲಾಸ್ಟಿಕ್ಕು ಎಂದು ಬೇರೆ ಬೇರೆ ಉದ್ಯಮಗಳಿಗೆ ಹರಡಿಕೊಂಡರು. ಏಕೆಂದರೆ ಅವರ ಕೈಯಲ್ಲಿದ್ದದ್ದು ರಸಾಯನಶಾಸ್ತ್ರ, ಗಿರಣಿಯೊಂದರ ಕಸುಬು ಮಾತ್ರವಲ್ಲ. ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕಲಿತದ್ದು ಈ ವಿದ್ಯೆಯನ್ನೇ. ಅಮೆರಿಕೆಯ ಸ್ಟೀವನ್ಸ್ ಸಂಸ್ಥೆಯಲ್ಲೂ ವ್ಯಾಸಂಗ ಮಾಡಿ, ಪ್ಲಾಸ್ಟಿಕ್ ಉದ್ಯಮದಲ್ಲಿ ದೊಡ್ಡ ಹುದ್ದೆಗೇರಿ, ಬಾಂದ್ರಾದ ಸಮುದ್ರದೆದುರು ಕುಳಿತು ಕನ್ನಡಕ್ಕೆ ‘ಶಿಕಾರಿ’ಯಂಥ ಕಾದಂಬರಿ ಕೊಟ್ಟರು. ಸಾಹಿತ್ಯ ಓದಿದರೆ ನೌಕರಿ ಕೆಡುತ್ತದೆಂದು ಮಕ್ಕಳ ಕೈಯಿಂದ ಕಾದಂಬರಿ ಕಸಿಯುವ ತಾಯಂದಿರು ಇದನ್ನು ದಯವಿಟ್ಟು ಗಮನಿಸಬೇಕು.

ಇನ್ನು ನನ್ನ ಸಂಗತಿ. ನನ್ನ ಮಗ 2017ರಲ್ಲಿ ಹನ್ನೆರಡನೆಯ ತರಗತಿ ಮುಗಿಸಿದ. ಗಣಿತದಲ್ಲಿ ಚುರುಕು. ರಜೆಯಲ್ಲಿ ಅಜ್ಜಮಾವನ ಹೋಟೆಲಿನ ಗಲ್ಲಾದ ಪಕ್ಕ ಕುಳಿತು, ಮಳೆ ಬಂದ ದಿನ ಎಷ್ಟು ಚಹಾ ಹೆಚ್ಚು ಖರ್ಚಾಗುತ್ತದೆಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದಿಡುತ್ತಿದ್ದ. ಸಂಖ್ಯಾಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡುತ್ತೇನೆ ಎಂದ. ನಾನು ನಕ್ಕುಬಿಟ್ಟೆ. ಪ್ರವೇಶ ಪರೀಕ್ಷೆಯಲ್ಲಿ ಬಂದ ಅಂಕಕ್ಕೆ ಮುಂಬಯಿಯಲ್ಲಿ ಕಂಪ್ಯೂಟರ್ ಸೀಟು ದೊರೆಯುತ್ತಿರಲಿಲ್ಲ. ಭವಿಷ್ಯನಿಧಿಯಿಂದ ಹಣ ತೆಗೆದು, ದೂರದ ಊರೊಂದರ ಖಾಸಗಿ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಕೊಂಡೆ. ಅಲ್ಲಿಯ ಮೇಷ್ಟ್ರುಗಳು ಯಾರು, ಪ್ರಯೋಗಾಲಯ ಹೇಗಿದೆ ಎಂದು ನಾನು ವಿಚಾರಿಸಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: ಕ್ಯಾಂಪಸ್ಸಿನಲ್ಲಿ ಮೊದಲ ಸಂಬಳ ಎಷ್ಟು? ಅವರು ಹೇಳಿದ್ದು ಅತಿ ಹೆಚ್ಚು ಪಡೆದ ಒಬ್ಬ ಹುಡುಗನ ಸಂಬಳ. ವರ್ಷಗಟ್ಟಲೆ ಸರಕಾರಿ ಕಡತಗಳನ್ನು ಪರಿಶೀಲಿಸಿದ ನಾನು, ಉಳಿದವರ ಗತಿಯೇನೆಂದು ಕೇಳಲಿಲ್ಲ. ಆ ವಾರವೇ ಮುಲುಂಡಿನಲ್ಲಿ ನಡೆದ ಒಂದು ಮದುವೆಯಲ್ಲಿ “ಮಗ ಇಂಜಿನಿಯರಿಂಗ್” ಎಂದು ನಾಲ್ಕು ಜನರಿಗಾದರೂ ಹೇಳಿದ್ದೆ.

ಮೊದಲ ವರ್ಷ ಎರಡು ವಿಷಯಗಳಲ್ಲಿ ಕೇಟಿ ಬಿತ್ತು, ಎರಡನೆಯ ವರ್ಷ ನಾಲ್ಕರಲ್ಲಿ. ಹುಡುಗ ದೂರವಾಣಿಯಲ್ಲಿ ಮಾತನಾಡುವುದನ್ನೇ ನಿಲ್ಲಿಸಿದ. 2019ರಲ್ಲಿ ನನ್ನ ಹೆಂಡತಿ ಒಬ್ಬಳೇ ಹೋಗಿ ಅವನನ್ನು ಟ್ರಂಕಿನ ಸಹಿತ ಕರೆತಂದಳು. ನನಗೆ ಅವಳು ಒಂದು ಮಾತೂ ಆಡಲಿಲ್ಲ, ಆಡಿದ್ದರೆ ಹಗುರಾಗುತ್ತಿತ್ತು. ಅವನು ಉಪನಗರದ ಒಂದು ಕಾಲೇಜಿನಲ್ಲಿ ತಾನು ಮೊದಲು ಕೇಳಿದ ಸಂಖ್ಯಾಶಾಸ್ತ್ರಕ್ಕೇ ಸೇರಿದ. ಈಗ ಒಂದು ವಿಮಾ ಸಂಸ್ಥೆಯಲ್ಲಿದ್ದಾನೆ; ನೌಕರಿ ಮಾಡುತ್ತಲೇ ಆಕ್ಚುಯೇರಿ ಪರೀಕ್ಷೆಗಳನ್ನು ಒಂದೊಂದಾಗಿ ಮುಗಿಸುತ್ತಿದ್ದಾನೆ. ಅವನ ಎರಡು ವರ್ಷಗಳನ್ನು ಮಾತ್ರ ಯಾವ ಭವಿಷ್ಯನಿಧಿಯಿಂದಲೂ ನಾನು ತುಂಬಿಕೊಡಲಾರೆ.

ಆದ್ದರಿಂದ ಪಾಲಕರಲ್ಲಿ ನನ್ನ ವಿನಂತಿ: ಮೊದಲ ಸಂಬಳವನ್ನು ಕೇಳಬೇಡಿ ಎನ್ನುವುದಿಲ್ಲ, ಕೇಳಿ. ಆದರೆ ಅದು ಎಷ್ಟು ಜನರಿಗೆ ಸಿಕ್ಕಿತೆಂದೂ ಕೇಳಿ. ಆ ಉದ್ಯಮ ಬಿದ್ದರೆ ಈ ವಿದ್ಯೆ ಬೇರೆಲ್ಲಿ ಸಂದೀತು, ಸಾಲದ ಕಂತು ಆರಂಭವಾದಾಗ ಮನೆಯಲ್ಲಿ ದುಡಿಯುವವರು ಯಾರು ಎಂಬುದನ್ನೂ ವಿಚಾರಿಸಿ. ನಮ್ಮ ಹಿರಿಯರ ‘ದುಡಿಯುತ್ತ ಕಲಿಯುವ’ ದಾರಿ ಮುಚ್ಚಿಹೋಗಿಲ್ಲ. ಚಾರ್ಟರ್ಡ್ ಅಕೌಂಟೆನ್ಸಿಗೆ ಹನ್ನೆರಡನೆಯ ತರಗತಿಯ ನಂತರವೇ ಹೆಸರು ನೋಂದಾಯಿಸಬಹುದು. 2023ರ ಹೊಸ ಯೋಜನೆಯಲ್ಲಿ ಆರ್ಟಿಕಲ್‌ಶಿಪ್ಪಿನ ಅವಧಿ ಮೂರರಿಂದ ಎರಡು ವರ್ಷಕ್ಕಿಳಿದಿದೆ, ಆ ಅವಧಿಯಲ್ಲಿ ಸ್ಟೈಪೆಂಡೂ ಉಂಟು. ಪರೀಕ್ಷೆ ಕಠಿಣ, ಫೇಲಾಗುವವರೇ ಹೆಚ್ಚು. ಅದನ್ನೂ ಹೇಳಲೇಬೇಕು. ಕೇಂದ್ರ ಸರಕಾರದ ಪದವಿ ಮಟ್ಟದ ಪರೀಕ್ಷೆಯಲ್ಲಿ ಬಹುಪಾಲು ಹುದ್ದೆಗಳಿಗೆ ಯಾವ ಪದವಿಯಾದರೂ ಸಾಕು. ಅದರ ಮೂಲಕ ದೊರೆಯುವ ಇನ್ಸ್‌ಪೆಕ್ಟರ್ ದರ್ಜೆಯ ಆರಂಭದ ಮೂಲ ವೇತನವನ್ನು ಏಳನೆಯ ವೇತನ ಆಯೋಗ 44,900 ರೂಪಾಯಿ ಎಂದು ನಿಗದಿಪಡಿಸಿತ್ತು. ಸಿವಿಲ್ ಸರ್ವಿಸ್ ಪರೀಕ್ಷೆಗೆ ಕನ್ನಡ ಸಾಹಿತ್ಯವನ್ನೇ ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳಬಹುದು.

ಹೆಣ್ಣುಮಕ್ಕಳ ಪಾಲಕರಿಗೆ ಇನ್ನೊಂದು ಮಾತು. ಇತರ ಹಿಂದುಳಿದ ಮತ್ತು ಆರ್ಥಿಕವಾಗಿ ದುರ್ಬಲ ವರ್ಗಗಳಿಗೆ ಸೇರಿದ, ವಾರ್ಷಿಕ ಆದಾಯ ಎಂಟು ಲಕ್ಷದೊಳಗಿರುವ ಕುಟುಂಬಗಳ ಹುಡುಗಿಯರಿಗೆ, ಕೇಂದ್ರೀಕೃತ ಪ್ರವೇಶದ ಮೂಲಕ ವೃತ್ತಿಶಿಕ್ಷಣಕ್ಕೆ ಸೇರಿದರೆ ಪೂರ್ಣ ಬೋಧನಾ ಶುಲ್ಕ ಹಾಗೂ ಪರೀಕ್ಷಾ ಶುಲ್ಕದ ವಿನಾಯಿತಿಯನ್ನು ಮಹಾರಾಷ್ಟ್ರ ಸರಕಾರ 2024ರಲ್ಲಿ ಘೋಷಿಸಿತು. ನಮ್ಮವರು ಎಡವುವುದು ಜಾತಿ ಪ್ರಮಾಣಪತ್ರದ ಹಂತದಲ್ಲಿ. ಹಿಂದುಳಿದ ವರ್ಗದವರು, ತಂದೆಯೋ ಅಜ್ಜನೋ 1967ರ ಅಕ್ಟೋಬರ್ 13ಕ್ಕೆ ಮೊದಲೇ ಈ ರಾಜ್ಯದಲ್ಲಿ ವಾಸವಾಗಿದ್ದರೆಂಬುದಕ್ಕೆ ದಾಖಲೆ ಒದಗಿಸಬೇಕು. ಹೋಟೆಲಿನ ಅಟ್ಟದಲ್ಲಿ ಮಲಗಿ ದುಡಿದವನ ಹೆಸರಿನಲ್ಲಿ ಬಾಡಿಗೆ ರಸೀದಿ ಎಲ್ಲಿಂದ ಬಂದೀತು? ಆದರೆ ಅಜ್ಜ ಕಲಿತ ರಾತ್ರಿಶಾಲೆಯ ದಾಖಲೆ ಪುಸ್ತಕದಲ್ಲಿ ಅವನ ಹೆಸರು ಇರಬಹುದು. ಶಾಲೆ ಬಿಟ್ಟ ಪ್ರಮಾಣಪತ್ರ, ಹಳೆಯ ರೇಷನ್ ಕಾರ್ಡು, ಗಿರಣಿಯ ಹಾಜರಿ ಚೀಟಿ, ಮನೆಯಲ್ಲಿ ಏನಿದ್ದರೂ ಎಸೆಯಬೇಡಿ.

ಮುಂದಿನ ತಿಂಗಳ ಎರಡು ಭಾನುವಾರ, ಬೆಳಿಗ್ಗೆ ಹತ್ತರಿಂದ ಒಂದರವರೆಗೆ, ನಾನು ಸಂಘದ ಗ್ರಂಥಾಲಯದಲ್ಲಿ ಕುಳಿತಿರುತ್ತೇನೆ. ಆ ಕಾಗದಪತ್ರಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ, ಅರ್ಜಿ ತುಂಬೋಣ. ಮಗನನ್ನೋ ಮಗಳನ್ನೋ ಜೊತೆಗೆ ಕರೆತನ್ನಿ. ಮೊದಲು ನಾನು ಮಾತನಾಡಿಸುವುದು ಅವರನ್ನೇ.