ವಿದ್ಯಾರ್ಥಿಗಳ ಮಾಹಿತಿ: ಆಸ್ತಿಯೋ, ಅಮಾನತ್ತೋ?





ರಮಝಾನ್ ಬಂತೆಂದರೆ ನಮ್ಮಲ್ಲಿನ ಅನೇಕ ವ್ಯಾಪಾರಿಗಳು ಝಕಾತ್ ಲೆಕ್ಕಕ್ಕೆ ಕೂರುತ್ತಾರೆ. ಅಂಗಡಿಯ ಸರಕು, ಕೈಯಲ್ಲಿರುವ ನಗದು, ಬರಬೇಕಾದ ಬಾಕಿ ಎಲ್ಲವನ್ನೂ ಎಣಿಸುತ್ತಾರೆ. ಕಂಪ್ಯೂಟರಿನಲ್ಲಿರುವ ಗ್ರಾಹಕರ ಪಟ್ಟಿಗೆ ಮಾತ್ರ ಯಾರೂ ಬೆಲೆ ಕಟ್ಟುವುದಿಲ್ಲ. ನಮ್ಮ ದೇಶದ ಲೆಕ್ಕಪತ್ರ ಮಾನದಂಡವೂ, ಸಂಸ್ಥೆ ತಾನೇ ಬೆಳೆಸಿದ ಗ್ರಾಹಕರ ಪಟ್ಟಿಯನ್ನು ಆಸ್ತಿಯೆಂದು ಬರೆಯಲು ಬಿಡುವುದಿಲ್ಲ.

ಆದರೂ ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆಯಿದೆ. ಬೆಲೆ ಕಟ್ಟುವವರು ಮೂರು ವಿಷಯ ನೋಡುತ್ತಾರೆ: ಸಂಗ್ರಹಿಸಲು ತಗಲಿದ ಖರ್ಚು, ಅಂಥ ಪಟ್ಟಿ ಬೇರೆಡೆ ಮಾರಾಟವಾದ ದರ, ಮುಂದೆ ಅದರಿಂದ ಬರಬಹುದಾದ ಆದಾಯ. ಮಾಹಿತಿ ಹೊಸದಾಗಿ, ಸರಿಯಾಗಿ ಇದ್ದಷ್ಟೂ ಬೆಲೆ ಹೆಚ್ಚು.

2015ರಲ್ಲಿ ಅಮೆರಿಕದ ರೇಡಿಯೋಶ್ಯಾಕ್ ಕಂಪನಿ ದಿವಾಳಿಯಾದಾಗ ಗ್ರಾಹಕರ ಮಾಹಿತಿಯೂ ಮಾರಾಟಕ್ಕೆ ಬಂತು. ಮಾರುವುದಿಲ್ಲವೆಂದು ಕಂಪನಿಯೇ ಮಾತು ಕೊಟ್ಟಿತ್ತು ಎಂದು ಟೆಕ್ಸಾಸ್ ಮುಂತಾದ ರಾಜ್ಯಗಳು ಆಕ್ಷೇಪಿಸಿದವು. ಕೊನೆಗೆ ಹೆಚ್ಚಿನ ಮಾಹಿತಿಯನ್ನು ಮಾರಾಟದಿಂದ ಕೈಬಿಡಬೇಕಾಯಿತು.

ಈಗ ನಮ್ಮ ಟ್ರಸ್ಟಿನ ಮಾತು. ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆ ಎಲ್ಲವೂ ಇವೆ. ಕೋಚಿಂಗ್ ಸಂಸ್ಥೆಯೊಂದು ಪಿಯುಸಿ ವಿದ್ಯಾರ್ಥಿಗಳ ಪಟ್ಟಿ ಕೊಟ್ಟರೆ ದೇಣಿಗೆ ನೀಡುವುದಾಗಿ ಹೇಳಿತು. ನಾವು ಒಪ್ಪಲಿಲ್ಲ. ಆ ಹಣದಿಂದ ಇನ್ನಷ್ಟು ಮಕ್ಕಳ ಶುಲ್ಕ ಕಟ್ಟಬಹುದಿತ್ತಲ್ಲವೇ ಎಂದು ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ.

ನಮ್ಮ ಉತ್ತರ ಇಷ್ಟೇ. ಮನೆಯ ಆದಾಯ ಇಷ್ಟು, ದುಡಿಯುವವರು ಯಾರೂ ಇಲ್ಲ ಎಂದು ಬರೆದುಕೊಡುವುದು ಯಾವ ತಾಯಿಗೂ ಸುಲಭವಲ್ಲ. ಮಗುವಿನ ಓದಿಗಾಗಿ ಮಾತ್ರ ಆಕೆ ಅದನ್ನು ನಮ್ಮ ಕೈಗಿಟ್ಟಿದ್ದಾಳೆ. ಅದು ಅಮಾನತ್. ಕಾಯುವ ಹೊಣೆ ನಮ್ಮದು, ಮಾರುವ ಹಕ್ಕು ನಮ್ಮದಲ್ಲ. ಒಂದು ಮಗುವಿನ ಶುಲ್ಕಕ್ಕಾಗಿ ಇನ್ನೊಂದು ಮನೆಯ ಗುಟ್ಟನ್ನು ಕೊಡಲಾಗದು. ಒಪ್ಪಿಗೆ ಪಡೆದ ಉದ್ದೇಶಕ್ಕಷ್ಟೇ ಮಾಹಿತಿ ಬಳಸಬೇಕೆಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೂ ಹೌದು. ಈ ನಂಬಿಕೆ ಒಮ್ಮೆ ಹೋದರೆ, ನಿಜವಾಗಿ ಕಷ್ಟದಲ್ಲಿರುವವರೇ ಮುಂದಿನ ವರ್ಷ ಅರ್ಜಿ ಹಾಕಲು ಹಿಂಜರಿಯುತ್ತಾರೆ.

ಆದ್ದರಿಂದ ಈ ಸಾಲಿನ ಅರ್ಜಿಯೊಂದಿಗೆ ಕೊನೆಯ 4 ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಸಾಕು. ಆಯ್ಕೆಯಾಗದ ಅರ್ಜಿಗಳ ದಾಖಲೆಗಳನ್ನು ಪೋಷಕರಿಗೆ ಹಿಂತಿರುಗಿಸಿ, ಕಂಪ್ಯೂಟರಿನಿಂದಲೂ ಅಳಿಸುತ್ತೇವೆ. ಟ್ರಸ್ಟಿನ ಹೆಸರು ಹೇಳಿ ಯಾರೇ ಫೋನಿನಲ್ಲಿ ಓಟಿಪಿ ಕೇಳಿದರೂ ಕೊಡಬೇಡಿ, ನಾವು ಕೇಳುವುದಿಲ್ಲ.

ನೀವಿಟ್ಟ ಅಮಾನತ್ತನ್ನು ಕಾಯುವ ಶಕ್ತಿಯನ್ನು ಅಲ್ಲಾಹನು ನಮಗೆ ನೀಡಲಿ. ಆಮೀನ್.