ಬಾಲ್ಯದ ಉಬ್ಬಸವೂ ಸೇನೆಯ ಬಾಗಿಲೂ

ಈ ಹೊತ್ತು ನಾನು ಆರಿಸಿಕೊಂಡಿರುವ ವಿಷಯವನ್ನು ಕಂಡು, 'ಕನ್ನಡ ಪಂಡಿತರಿಗೆ ವೈದ್ಯದ ಗೊಡವೆ ಏಕೆ?' ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಅನ್ನಿಸುವುದು ನ್ಯಾಯವೇ. ನಾನು ಹೈಸ್ಕೂಲಿನಲ್ಲಿ ಸಂಧಿ ಸಮಾಸಗಳನ್ನು ಹೇಳಿಕೊಡುತ್ತ ತಲೆ ನರೆಸಿಕೊಂಡವನು. ಆದರೆ ಹೋದ ವರ್ಷ ಒಬ್ಬ ಹುಡುಗ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಓದಿ, ತಿಳಿದವರನ್ನು ವಿಚಾರಿಸಿ, ಉತ್ತರವನ್ನು ಕೂಡಿಸಿಕೊಂಡೆ. ಅಂಥ ಮಕ್ಕಳಿರುವ ಮನೆಗಳು ಬಹಳ. ಆದುದರಿಂದ ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳೋಣವೆಂದು ಬಂದಿದ್ದೇನೆ.

ಅದು ಆಗಸ್ಟ್ ತಿಂಗಳು. ಜಡಿಮಳೆ ಬಿಟ್ಟ ಬೆಳಗು, ಚಳಿಗಾಳಿ ಬೇರೆ. ಸ್ವಾತಂತ್ರ್ಯೋತ್ಸವದ ಕವಾಯತು ಅಭ್ಯಾಸ ನಡೆದಿತ್ತು. ಎಂಟನೆಯ ತರಗತಿಯ ಹುಡುಗನೊಬ್ಬ ಸಾಲಿನಿಂದ ಈಚೆಗೆ ಬಂದು ಕುಕ್ಕರಿಸಿದ. ಹೆಗಲು ಮೇಲೇರಿದೆ, ಎದೆಯಲ್ಲಿ ಸುಂಯ್ಯೆಂಬ ಸದ್ದು, ಮಾತನಾಡಲು ಉಸಿರಿಲ್ಲ. ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆವು. ಮುಖಕ್ಕೆ ಮುಚ್ಚಳ ಹಾಕಿ ಔಷಧಿಯ ಹಬೆ ಕೊಟ್ಟ ಮೇಲೆ, ಅರ್ಧ ಗಂಟೆಗೆ ಮಗು ಮನುಷ್ಯನಾದ. 'ಪಂಪು ಎಲ್ಲಿ?' ಎಂದರು ವೈದ್ಯರು. ಇನ್‌ಹೇಲರಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಓಡಿ ಬಂದ ತಂದೆ ತಲೆ ತಗ್ಗಿಸಿದರು. ನಾಲ್ಕು ತಿಂಗಳಿಂದ ಪಂಪು ನಿಲ್ಲಿಸಿದ್ದರು.

ಆತ ನಿವೃತ್ತ ಹವಾಲ್ದಾರರು. ಮಗನನ್ನು ಒಂಬತ್ತನೆಯ ತರಗತಿಗೆ ಸೈನಿಕ ಶಾಲೆಗೆ ಸೇರಿಸಬೇಕೆಂಬುದು ಅವರ ಆಸೆ. ಹೊರಗೆ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕುಳಿತು ಮೆಲ್ಲನೆ ಹೇಳಿದರು: "ಮೇಷ್ಟ್ರೇ, ಉಬ್ಬಸ ಅಂದ್ರೆ ಮಿಲಿಟರಿಯವರು ತಗೊಳ್ಳೋದಿಲ್ಲ. ಪಂಪು ರೂಢಿಯಾದ್ರೆ ಎಲ್ಲಾ ಕಾಗದದಲ್ಲೂ ಬಂದುಬಿಡುತ್ತೆ. ಶಾಲೆಯ ಆರೋಗ್ಯದ ಕಾರ್ಡಿನಲ್ಲಿ ಮಾತ್ರ ದಯವಿಟ್ಟು ಏನೂ ಬರೀಬೇಡಿ." ಒಳಗೆ ಹೋದರೆ ಮಗನ ಪ್ರಶ್ನೆ: "ಸಾರ್, ನನ್ನನ್ನ ಮಿಲಿಟರಿಗೆ ತಗೊಳ್ಳಲ್ವಾ ಸಾರ್?"

ಮೊದಲು ರೋಗದ ಮಾತು. ಗೂರಲು, ದಮ್ಮು, ಉಬ್ಬಸ, ಆಸ್ತಮಾ ಎಲ್ಲವೂ ಒಂದೇ. ಗಾಳಿ ಹೋಗಿಬರುವ ಶ್ವಾಸನಾಳಗಳ ಒಳಪದರ ಉರಿಯೂತದಿಂದ ಊದಿಕೊಂಡಿರುತ್ತದೆ. ಧೂಳು, ಹೊಗೆ, ಪರಾಗ, ನೆಗಡಿ, ಚಳಿಗಾಳಿ, ಓಟದ ಏದುಸಿರು—ಇವುಗಳಲ್ಲಿ ಯಾವುದಾದರೂ ಕೆಣಕಿದರೆ ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಗೆ ಕಫ ತುಂಬುತ್ತದೆ. ಗಾಳಿ ಒಳಗೆ ಹೋದಷ್ಟು ಸುಲಭವಾಗಿ ಹೊರಗೆ ಬಾರದು. ಚರಕಸಂಹಿತೆಯು ಶ್ವಾಸರೋಗಗಳನ್ನು ಐದು ಬಗೆಯಾಗಿ ವಿಂಗಡಿಸಿ, ಇದರ ಲಕ್ಷಣಗಳನ್ನು ಹೋಲುವುದನ್ನು ತಮಕಶ್ವಾಸವೆಂದು ಕರೆದಿದೆ. ಅದು 'ಯಾಪ್ಯ', ಹೊಸದಾಗಿ ಹುಟ್ಟಿದ್ದಾದರೆ 'ಸಾಧ್ಯ'ವೂ ಆಗಬಹುದು ಎಂದಿದೆ. ಸಾಧ್ಯವೆಂದರೆ ಗುಣವಾಗುವಂಥದು. ಯಾಪ್ಯವೆಂದರೆ ಬೇರುಸಹಿತ ಹೋಗದಿದ್ದರೂ ಚಿಕಿತ್ಸೆಯಿಂದ ಹತೋಟಿಯಲ್ಲಿರುವಂಥದು. ಈ ಎರಡು ಮಾತುಗಳನ್ನು ನೆನಪಿನಲ್ಲಿಡಿ. ಹುಡುಗನ ಪ್ರಶ್ನೆಯೆಲ್ಲ ಇವುಗಳ ನಡುವೆಯೇ ಇದೆ.

ಆ ತಂದೆ ಒಬ್ಬರೇ ಅಲ್ಲ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹದಿನೆಂಟು ವರ್ಷದೊಳಗಿನ ಸುಮಾರು 20,000 ಮಕ್ಕಳನ್ನು ಪರಿಶೀಲಿಸಿ ಇಟ್ಟ ಲೆಕ್ಕವುಂಟು. 1979ರಲ್ಲಿ ನೂರಕ್ಕೆ 9 ಮಕ್ಕಳಿಗೆ ಉಬ್ಬಸವಿದ್ದುದು 1999ರ ವೇಳೆಗೆ 29.5 ಆಯಿತು. ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ ಇದು, ಊರಿನ ಮಕ್ಕಳೆಲ್ಲರದಲ್ಲ. ಆದರೂ ಏರಿದ ಬಗೆ ಯೋಚಿಸತಕ್ಕದ್ದು.

ಇನ್ನು ಸೇನೆಯ ಮಾತು. ವಿಜಯಪುರದ ಸೈನಿಕ ಶಾಲೆ 1963ರದು, ಕೊಡಗಿನ ಕೂಡಿಗೆಯದು 2007ರದು. ಆರನೆಯ ತರಗತಿಗಾಗಲಿ ಒಂಬತ್ತನೆಯದಕ್ಕಾಗಲಿ, ಲಿಖಿತ ಪರೀಕ್ಷೆಯ ಮೇಲೆ ವೈದ್ಯ ಪರೀಕ್ಷೆ ಉಂಟು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೂ, 2022ರಲ್ಲಿ ಬಂದ ಅಗ್ನಿವೀರ ನೇಮಕಕ್ಕೂ ಹಾಗೆಯೇ. 2022ರಿಂದ ಅಕಾಡೆಮಿಯ ಬಾಗಿಲು ಹುಡುಗಿಯರಿಗೂ ತೆರೆದಿರುವುದರಿಂದ ಇದು ಹೆಣ್ಣುಮಕ್ಕಳ ತಾಯಿತಂದೆಗಳಿಗೂ ಸೇರಿದ ಮಾತು. ನಮ್ಮ ಸೇನೆಯ ವೈದ್ಯಕೀಯ ಕಟ್ಟಳೆಯಲ್ಲಿ, ಉಬ್ಬಸ ಪದೇ ಪದೇ ಬಂದ ಇತಿಹಾಸವಿದ್ದರೆ ಅದು ನಿರಾಕರಣೆಗೆ ಕಾರಣ. ಹಿಂದೆ ಬಂದ ಕಾಯಿಲೆಗಳೇನೆಂದು ಕೇಳಿ, ಅಭ್ಯರ್ಥಿಯಿಂದ ಹೇಳಿಕೆ ಬರೆಸಿ ರುಜು ಹಾಕಿಸಿಕೊಳ್ಳುತ್ತಾರೆ.

ಹವಾಲ್ದಾರರ ಭಯಕ್ಕೆ ಆಧಾರವಿಲ್ಲದಿಲ್ಲ. ತಪ್ಪಿದ್ದು ಅವರು ಹಿಡಿದ ದಾರಿ.

'ಇಷ್ಟು ಕಟ್ಟುನಿಟ್ಟು ಏಕೆ? ಉಬ್ಬಸವಿದ್ದವರು ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದಿಲ್ಲವೇ?' ಎಂದು ಕೇಳುವಿರಿ. ಗೆದ್ದಿದ್ದಾರೆ. ಅಮೆರಿಕದ ಜಾಕಿ ಜಾಯ್ನರ್ ಕರ್ಸಿ 1988ರಲ್ಲಿಯೂ 1992ರಲ್ಲಿಯೂ ಚಿನ್ನದ ಪದಕ ಪಡೆದರು, ಅವರಿಗೆ ಉಬ್ಬಸವಿತ್ತು. ಇಂಗ್ಲೆಂಡಿನ ಪೌಲಾ ರ್‍ಯಾಡ್‌ಕ್ಲಿಫ್ 2003ರಲ್ಲಿ ಮಹಿಳೆಯರ ಮ್ಯಾರಥಾನ್ ದಾಖಲೆಯನ್ನು ಮುರಿದರು, ಅವರಿಗೂ ಇತ್ತು. ಉಬ್ಬಸದ ಮಗು ಓಡಬಾರದು, ಆಡಬಾರದು ಎಂದು ಮೂಲೆಯಲ್ಲಿ ಕೂರಿಸುವವರು ಇದನ್ನು ಗಮನಿಸಬೇಕು. ಆದರೆ ಓಟಗಾರರ ಪಂಪು ಮೈದಾನದ ಅಂಚಿನಲ್ಲಿ ಅವರ ಚೀಲದೊಳಗಿರುತ್ತದೆ. ಕೂಗಿದರೆ ವೈದ್ಯರು ಬರುತ್ತಾರೆ. ಸಿಯಾಚಿನ್ನಿನ ಹಿಮದಲ್ಲಿ, ಮರುಭೂಮಿಯ ಧೂಳಿನಲ್ಲಿ, ಸಿಡಿಮದ್ದಿನ ಹೊಗೆಯಲ್ಲಿ ಕಾವಲಿರುವ ಸಿಪಾಯಿಗೆ ಆ ಭರವಸೆ ಎಲ್ಲಿಯದು? ದಂಡಿನಲ್ಲಿ ಸೋದರಮಾವನೇ ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಲಿಲ್ಲ. ಅವನ ಉಸಿರು ಕಟ್ಟಿದರೆ ಅವನೊಬ್ಬನದಲ್ಲ, ಅವನನ್ನು ಹೊತ್ತು ತರಬೇಕಾದ ಇಬ್ಬರ ಪ್ರಾಣವೂ ತಕ್ಕಡಿಯಲ್ಲಿರುತ್ತದೆ.

ಇದಕ್ಕೆ ಚರಿತ್ರೆಯಲ್ಲಿ ಒಂದು ನಿದರ್ಶನವಿದೆ. ಅರ್ಜೆಂಟೀನದಲ್ಲಿ 1928ರಲ್ಲಿ ಹುಟ್ಟಿದ ಚೆ ಗೆವಾರನಿಗೆ ಎರಡನೆಯ ವಯಸ್ಸಿನಿಂದಲೇ ಉಬ್ಬಸ. ಒಣಹವೆ ಬೇಕೆಂದು ಮನೆಯವರು ಊರನ್ನೇ ಬದಲಿಸಿದರು. ಅವನ ದೇಶದ ಸೇನೆ ಅವನನ್ನು ಉಬ್ಬಸದ ಕಾರಣದಿಂದ ಅನರ್ಹನೆಂದು ಬಿಟ್ಟಿತು. ಆತ ಕ್ಯೂಬಾದ ಕಾಡುಗಳಲ್ಲಿ ಹೋರಾಡಿ ಗೆದ್ದ. ಅವನ ರಾಜಕೀಯ ಒಪ್ಪುವುದು ಬಿಡುವುದು ಬೇರೆ ಮಾತು, ಧೈರ್ಯಕ್ಕೆ ಕೊರತೆಯಿರಲಿಲ್ಲ. ಆದರೆ 1967ರ ಆಗಸ್ಟಿನಲ್ಲಿ ಬೊಲಿವಿಯಾದ ಸೈನಿಕರು ಅವನು ಸಾಮಾನು ಬಚ್ಚಿಟ್ಟಿದ್ದ ಗುಹೆಗಳನ್ನು ಹಿಡಿದರು. ಉಬ್ಬಸದ ಔಷಧಿ ಅಲ್ಲಿತ್ತು, ಅದೂ ಹೋಯಿತು. ಮುಂದಿನ ದಿನಗಳಲ್ಲಿ ಅವನು ಪಟ್ಟ ಪಾಡು ಅವನ ದಿನಚರಿಯಲ್ಲೇ ಇದೆ. ಅಕ್ಟೋಬರಿನಲ್ಲಿ ಸೆರೆಸಿಕ್ಕಿ ಸತ್ತ. ಅವನ ಸೋಲಿಗೆ ಉಬ್ಬಸವೊಂದೇ ಕಾರಣವೆನ್ನಲಾಗದು. ಆದರೆ ಯುದ್ಧದಲ್ಲಿ ಔಷಧಿಯ ದಾರಿ ಕಡಿದುಹೋದರೆ ಏನಾಗುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ಬಾಲ್ಯದಲ್ಲಿ ಒಮ್ಮೆ ಬಂದ ಉಬ್ಬಸ ಜೀವಮಾನದ ಕಳಂಕವೇ? ಎಲ್ಲ ದೇಶಗಳೂ ಹಾಗೆನ್ನುವುದಿಲ್ಲ. ಅಮೆರಿಕದ ರಕ್ಷಣಾ ಇಲಾಖೆಯ ಕಟ್ಟಳೆ ಹದಿಮೂರನೆಯ ಹುಟ್ಟುಹಬ್ಬವನ್ನು ಗಡಿಯಾಗಿ ಇಟ್ಟಿದೆ. ಆಮೇಲೂ ಉಬ್ಬಸವಿದ್ದರೆ ಅನರ್ಹತೆ. ಅಲ್ಲಿಯೂ ವಿಶೇಷ ವಿನಾಯಿತಿ ಕೇಳಿಕೊಳ್ಳಬಹುದು. ಹದಿಹರೆಯದಲ್ಲಿ ಅನೇಕ ಮಕ್ಕಳ, ಅದರಲ್ಲಿಯೂ ಹುಡುಗರ, ಉಬ್ಬಸ ತಾನಾಗಿ ಇಳಿಯುವುದುಂಟು. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ 1964ರಲ್ಲಿ ಏಳು ವರ್ಷದ ಮಕ್ಕಳನ್ನು ಆರಿಸಿಕೊಂಡು, ಅವರಿಗೆ ಐವತ್ತಾಗುವವರೆಗೆ ವೈದ್ಯರು ಗಮನಿಸುತ್ತ ಬಂದರು. ಚಿಕ್ಕಂದಿನಲ್ಲಿ ಸೌಮ್ಯವಾಗಿದ್ದವರಲ್ಲಿ ಬಹುಮಂದಿ ರೋಗದಿಂದ ಪಾರಾಗಿದ್ದರು. ತೀವ್ರವಾಗಿದ್ದವರಲ್ಲಿ ಪಾರಾದವರು ಕೆಲವರೇ. ಕೆಲವರಿಗೆ ಸಾಧ್ಯ, ಕೆಲವರಿಗೆ ಯಾಪ್ಯ. ನಮ್ಮ ಮಗು ಯಾವ ಗುಂಪಿನದೆಂದು ಎಂಟನೆಯ ತರಗತಿಯಲ್ಲಿ ಖಚಿತವಾಗಿ ಹೇಳಬಲ್ಲವರಿಲ್ಲ. ಪಂಪು ಬಚ್ಚಿಟ್ಟರೆ ಅದು ಬದಲಾಗುವುದೂ ಇಲ್ಲ.

ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡೋರ್ ರೂಸ್ವೆಲ್ಟರ ಕಥೆ ನೀವು ಕೇಳಿರಬಹುದು. 1858ರಲ್ಲಿ ಹುಟ್ಟಿದ ಆ ಮಗು ರಾತ್ರಿಯೆಲ್ಲ ಕುಳಿತೇ ಉಸಿರಾಡುತ್ತಿತ್ತು. ತಂದೆ ಮಗನನ್ನು ಗಾಡಿಯಲ್ಲಿ ಕೂರಿಸಿಕೊಂಡು ರಾತ್ರಿಯಲ್ಲಿ ತಂಗಾಳಿಗೆ ಸುತ್ತಿಸುತ್ತಿದ್ದರು. ಆ ಕಾಲದ ಚಿಕಿತ್ಸೆಯೆಂದರೆ ಗಟ್ಟಿ ಕಾಫಿ, ಜೊತೆಗೆ ಚುಟ್ಟದ ಹೊಗೆ! ತಂದೆ ಮನೆಯಲ್ಲೇ ಗರಡಿ ಮಾಡಿಕೊಟ್ಟರು. ಹುಡುಗ ಮೈ ಬಲಿಸಿಕೊಂಡ. 1898ರಲ್ಲಿ ಕ್ಯೂಬಾದ ಯುದ್ಧಕ್ಕೆ ದಳವನ್ನು ನಡೆಸಿಕೊಂಡು ಹೋದ. ಈ ಕಥೆಯನ್ನು ಹೇಳಿ, 'ಮನಸ್ಸು ಗಟ್ಟಿಯಿದ್ದರೆ ಔಷಧಿ ಬೇಡ' ಎನ್ನುವವರಿದ್ದಾರೆ. ಅದು ತಪ್ಪು ಪಾಠ. ಆ ತಂದೆ ಮಗನ ರೋಗವನ್ನು ಮುಚ್ಚಿಡಲಿಲ್ಲ. ಆ ಕಾಲಕ್ಕೆ ತಿಳಿದಿದ್ದುದನ್ನೆಲ್ಲ ಮಾಡಿದರು. ಒಳ್ಳೆಯ ಔಷಧಿ ಆಗ ಇರಲಿಲ್ಲ. ಈಗ ಇದೆ.

ಆ ಔಷಧಿಯ ವಿಷಯವೂ ಒಂದು ಮಾತು. ಉಬ್ಬಸವಿದ್ದ ಹದಿಮೂರು ವರ್ಷದ ಹುಡುಗಿಯೊಬ್ಬಳು ಅಮೆರಿಕದಲ್ಲಿ ತನ್ನ ತಂದೆಯನ್ನು, 'ಕೂದಲಿಗೆ ಸಿಂಪಡಿಸುವ ಡಬ್ಬಿಯಂತೆ ನನ್ನ ಔಷಧಿ ಏಕಿಲ್ಲ?' ಎಂದು ಕೇಳಿದಳಂತೆ. ತಂದೆ ಔಷಧಿ ಕಂಪನಿಯ ಮುಖ್ಯಸ್ಥರು. 1956ರಲ್ಲಿ ಮೊದಲ ಒತ್ತುವ ಪಂಪು ಹೊರಬಂತು. ಪಂಪು ಚಟ ಹತ್ತಿಸುತ್ತದೆಂಬ ಭಯ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಲೆಕ್ಕ ನೋಡಿ: ಸಾಲ್ಬುಟಮಾಲ್ ಔಷಧಿಯ ಒಂದು ಸಣ್ಣ ಮಾತ್ರೆಯಲ್ಲಿ 2 ಮಿಲಿಗ್ರಾಂ, ಪಂಪಿನ ಒಂದು ಒತ್ತಿನಲ್ಲಿ ಅದರ ಇಪ್ಪತ್ತರಲ್ಲೊಂದು ಪಾಲು. ಮಾತ್ರೆ ಮೈಯೆಲ್ಲ ಸುತ್ತಬೇಕು. ಇದು ನೇರವಾಗಿ ಶ್ವಾಸನಾಳಕ್ಕೆ ಹೋಗುತ್ತದೆ. ಪಂಪಿನಲ್ಲಿ ಎರಡು ಬಗೆ. ಒಂದು ಬಿಗಿತವನ್ನು ಆಗಿಂದಾಗ ಸಡಿಲಿಸುವುದು. ಇನ್ನೊಂದು ಒಳಗಿನ ಉರಿಯೂತವನ್ನು ತಗ್ಗಿಸಿ ದಮ್ಮು ಬಾರದಂತೆ ತಡೆಯುವುದು. ಎರಡನೆಯದನ್ನು ಚೆನ್ನಾಗಿದ್ದಾಗಲೂ ತಪ್ಪದೆ ತೆಗೆದುಕೊಳ್ಳಬೇಕು. ನಮ್ಮವರು ನಿಲ್ಲಿಸುವುದು ಅದನ್ನೇ. ವರ್ಷಗಟ್ಟಲೆ ಅದನ್ನು ಬಳಸಿದ ಮಕ್ಕಳ ಎತ್ತರದಲ್ಲಿ ಸುಮಾರು ಒಂದು ಸೆಂಟಿಮೀಟರ್ ಕಡಿಮೆಯಾಗುವುದುಂಟು. ಒಂದು ಸೆಂಟಿಮೀಟರಿಗಾಗಿ ಉಸಿರನ್ನು ಪಣವಿಡುವುದು ಯಾವ ಲೆಕ್ಕ?

ಮೃಗಶಿರಾ ಮಳೆಯ ಹೊತ್ತಿಗೆ ಹೈದರಾಬಾದಿಗೆ ಮೀನಿನ ಮದ್ದಿಗೆ ಹೋಗುವ ಮನೆಗಳನ್ನು ನಾನು ಬಲ್ಲೆ. ನಂಬಿಕೆಯ ಮೇಲೆ ವಾದ ಹೂಡಲಾರೆ. ಹೋಗಿಬಂದ ಮೇಲೆ ಪಂಪನ್ನು ಬಚ್ಚಲ ಗೂಡಿಗೆ ಎಸೆಯಬೇಡಿ ಎಂದಷ್ಟೇ ಕೈಮುಗಿದು ಕೇಳುತ್ತೇನೆ. ಮಗು ಮಲಗುವ ಕೋಣೆಯಲ್ಲಿ ಊದುಬತ್ತಿ, ಸೊಳ್ಳೆಬತ್ತಿ, ಬೀಡಿ ಸಿಗರೇಟುಗಳ ಹೊಗೆ ಬೇಡ. ಹಾಸಿಗೆಯನ್ನು ಬಿಸಿಲಿಗೆ ಹಾಕಿ, ಹೊದಿಕೆಯನ್ನು ಬಿಸಿನೀರಿನಲ್ಲಿ ಒಗೆಯಿರಿ. ವೈದ್ಯರ ಚೀಟಿಗಳನ್ನು ತಾರೀಖಿನ ಪ್ರಕಾರ ಒಂದು ಕಡತದಲ್ಲಿಡಿ. ಕೊನೆಯ ಸಲ ಯಾವಾಗ ದಮ್ಮು ಬಂತು, ಔಷಧಿ ಯಾವಾಗ ನಿಂತಿತು, ಊದಿಸಿ ನೋಡುವ ಶ್ವಾಸಪರೀಕ್ಷೆಯಲ್ಲಿ ಏನು ಕಂಡಿತು ಎಂಬುದನ್ನು ಅದು ಹೇಳುತ್ತದೆ. ಮೊದಲ ವೈದ್ಯ ಪರೀಕ್ಷೆಯಲ್ಲಿ ಅನರ್ಹನೆಂದರೂ ಮರುಪರೀಕ್ಷೆ ಕೇಳುವ ಅವಕಾಶವುಂಟು. ಒಮ್ಮೆ ಬಂದ ಸಾಮಾನ್ಯ ಕೆಮ್ಮನ್ನು ಯಾರಾದರೂ ಉಬ್ಬಸವೆಂದು ಬರೆದಿದ್ದರೆ, ಅದು ಹಾಗಲ್ಲವೆಂದು ತೋರಿಸಲು ಈ ಕಡತ ಬೇಕು. ಸುಳ್ಳು ಹೇಳಿಕೆಗೆ ರುಜು ಹಾಕಿ ಒಳಗೆ ಹೋದವನು ದಿನವೂ ಹೆದರಿ ಬಾಳಬೇಕು. ದಮ್ಮು ಬಂದರೂ ಹೇಳಿಕೊಳ್ಳಲಾರ.

ಬಾಗಿಲು ಮುಚ್ಚಿಯೇಹೋದರೆ? ದೇಶ ಕಾಯುವ ಕೆಲಸ ಗಡಿಯಲ್ಲಿ ಮಾತ್ರವಿಲ್ಲ. ನಮ್ಮ ಬೆಂಗಳೂರಿನಲ್ಲಿಯೇ 1940ರಲ್ಲಿ ಹುಟ್ಟಿದ ವಿಮಾನ ಕಾರ್ಖಾನೆಯಿದೆ, 1954ರ ಭಾರತ್ ಎಲೆಕ್ಟ್ರಾನಿಕ್ಸ್ ಇದೆ, ರಕ್ಷಣಾ ಸಂಶೋಧನೆಯ ಪ್ರಯೋಗಾಲಯಗಳಿವೆ. ವೈದ್ಯ ಪರೀಕ್ಷೆ ಅಲ್ಲಿಯೂ ಉಂಟಾದರೂ ಅದು ರಣರಂಗದ ಅಳತೆಗೋಲಲ್ಲ. ಸಿಪಾಯಿಯ ಕೈಯಲ್ಲಿರುವ ಉಪಕರಣವನ್ನು ಮಾಡಿದವನೂ ಸಿಪಾಯಿಯ ಸಂಗಾತಿಯೇ.

ಹವಾಲ್ದಾರರಿಗೆ ನಾನು ಇಷ್ಟು ಹೇಳಿದೆ: "ಕಾರ್ಡಿನಲ್ಲಿ ಇದ್ದದ್ದನ್ನು ಇದ್ದಹಾಗೆ ಬರೆಯುತ್ತೇನೆ. ನೀವು ನನ್ನ ಮೇಲೆ ಕೋಪಿಸಿಕೊಂಡರೂ ಸರಿಯೇ." ಕೋಪಿಸಿಕೊಂಡರು. ಎರಡು ತಿಂಗಳು ಎದುರಿಗೆ ಸಿಕ್ಕರೂ ಮಾತಿಲ್ಲ. ಆದರೆ ಪಂಪನ್ನು ಮತ್ತೆ ಶುರುಮಾಡಿಸಿದರು. ಈ ವರ್ಷ ಹುಡುಗ ಒಂಬತ್ತನೆಯ ತರಗತಿಗೆ ನಮ್ಮಲ್ಲೇ ಉಳಿದ. ಸೈನಿಕ ಶಾಲೆಯ ಪರೀಕ್ಷೆಗೆ ಅವನನ್ನು ಕೂರಿಸಲಿಲ್ಲ. ಅದು ತಂದೆ ಮಗ ಕೂಡಿ ಮಾಡಿದ ತೀರ್ಮಾನ. ಅವನ ಮುಖದಲ್ಲಿ ಆ ಬೇಸರ ಇನ್ನೂ ಇದೆ, ಇಲ್ಲವೆಂದರೆ ಸುಳ್ಳಾದೀತು. ಆದರೆ ಕ್ರೀಡಾದಿನದಂದು 400 ಮೀಟರ್ ಓಟ ಮುಗಿಸಿ ನಗುತ್ತ ಬಂದ. ಮೊನ್ನೆ ಆರೋಗ್ಯ ತಪಾಸಣೆಯ ಕಾಗದ ಕೊಟ್ಟಾಗ, 'ಉಬ್ಬಸ ಇದೆಯೇ?' ಎಂಬಲ್ಲಿ ನನ್ನನ್ನು ಕೇಳದೆ ತಾನೇ ಬರೆದ: 'ಇದೆ. ಔಷಧಿ ತಪ್ಪಿಸುವುದಿಲ್ಲ.'

ಹದಿನೆಂಟಾಗುವ ಹೊತ್ತಿಗೆ ಅವನ ಎದೆ ಏನು ಹೇಳುತ್ತದೆಯೋ ಕಾಲವೇ ತಿಳಿಸಬೇಕು. ಅಲ್ಲಿಯವರೆಗೆ ಅವನು ನಿಶ್ಚಿಂತೆಯಾಗಿ ಉಸಿರಾಡಲಿ. ನಿಮ್ಮ ಮನೆಯಲ್ಲಿ ಅಂಥ ಮಗುವಿದ್ದರೆ, ಈ ರಾತ್ರಿ ಮಲಗುವ ಮುನ್ನ ಪಂಪು ಎಲ್ಲಿದೆಯೆಂದು ಒಮ್ಮೆ ನೋಡಿ.