ಅಗ್ಗದ ವಿಮಾನದ ಬೆಲೆ ಯಾರು ಕೊಡಬೇಕು?

(ಕೊಗನೊಳ್ಳಿಯಲ್ಲಿ ಗಿರಣಿ ಕಾಮಗಾರರು ಹಾಗೂ ಸಣ್ಣ ವ್ಯಾಪಾರಿಗಳು ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ಆರಿಸಿದವನು ನಾನಲ್ಲ. ಹೆದ್ದಾರಿಯ ಬದಿಗೆ ಲೇಥ್ ಇಟ್ಟುಕೊಂಡಿರುವ ಒಬ್ಬ ತರುಣನು ಆರಿಸಿದ್ದಾನೆ. ಹತ್ತನೆಯ ಇಯತ್ತೆಗೆ ಸಾಲೆ ಬಿಟ್ಟವನು. ಲಾರಿಯ ಗೇರು, ನೀರಿನ ಪಂಪು, ಮಗ್ಗದ ಬಿಡಿಭಾಗ ಇವುಗಳನ್ನು ಬಿಚ್ಚುತ್ತ ಕಟ್ಟುತ್ತ ಯಂತ್ರವಿದ್ಯೆಯನ್ನು ತಾನೇ ಕಲಿತವನು. ದಂಡಿಗೆ ನೆರವಾಗುವಂಥ ಅಗ್ಗದ ಸಣ್ಣ ವಿಮಾನದ ನಕಾಶೆಗಳನ್ನು ಅವನು ಒಂದು ನೋಟುಬುಕ್ಕಿನ ತುಂಬ ತೆಗೆದಿದ್ದಾನೆ. ಗಾಯಗೊಂಡ ಸಿಪಾಯಿಯನ್ನು ಹೊತ್ತು ತರಬೇಕು, ಗುಡ್ಡದ ಠಾಣೆಗೆ ಹಿಟ್ಟು ಔಷಧ ಮುಟ್ಟಿಸಬೇಕು, ತೋಪಿನ ಗುಂಡು ಎಲ್ಲಿ ಬಿತ್ತೆಂಬುದನ್ನು ಮೇಲಿನಿಂದ ನೋಡಿ ಹೇಳಬೇಕು, ಬೆಲೆ ಮಾತ್ರ ಒಂದು ಲಾರಿಯ ಬೆಲೆಗಿಂತ ಬಹಳ ಮೀರಬಾರದು. ಇದು ಅವನ ಹಟ.

ಚಹದಂಗಡಿಯಲ್ಲಿ ಇದನ್ನು ಕೇಳಿ ನಕ್ಕವರಿದ್ದಾರೆಂದು ತಿಳಿಯಿತು. ನಗುವವರು ಒಂದು ಮಾತು ನೆನಪಿಡಬೇಕು. ಇದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಸಾಲೆಯಲ್ಲಿ ಕಲಿತದ್ದು ಚಿತ್ರ ಬರೆಯುವದನ್ನು. ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿ ಇಟ್ಟು, ಕೈಯಿಂದ ಯಂತ್ರ ಕಲಿತು, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುವದೆಂದು ರೈತರು ಅದನ್ನು ಮುಟ್ಟಲೊಲ್ಲದೆ ಹೋದರು. ಮುಂದೆ ಅವರ ಮನೆತನ ದೊಡ್ಡ ಬಂಡವಳಿಗರ ಸಾಲಿಗೆ ಸೇರಿತು, ಅದು ಬೇರೆ ಮಾತು. ಸೈಕಲ್ ರಿಪೇರಿಯವನ ನೇಗಿಲು ಮಾತ್ರ ಉತ್ತಿತು.

ಆದರೆ ನೇಗಿಲು ಮುರಿದರೆ ಎತ್ತು ನಿಲ್ಲುವದು, ವಿಮಾನ ಮುರಿದರೆ ಮನುಷ್ಯ ಬೀಳುವನು. ಆದ್ದರಿಂದ ಈ ತರುಣನನ್ನು ಬರಿದೆ ಹೊಗಳಿ ಬೆನ್ನು ಚಪ್ಪರಿಸುವದೂ ಸರಿಯಲ್ಲ. ವಿಮಾನವನ್ನು ಅಗ್ಗ ಮಾಡಲು ಬರುವದೇ? ಬರುವದಾದರೆ ಉಳಿದ ಹಣ ಎಲ್ಲಿಂದ ಉಳಿಯಿತು, ಯಾರ ಮೈಮೇಲೆ ಉಳಿಯಿತು? ಅಂಗಡಿಕಾರರಾದ ನಿಮಗೆ ಇದು ಹೊಸ ಲೆಕ್ಕವಲ್ಲ. ಮಾಲು ಅಗ್ಗವಾಗಿ ಬಂದರೆ ತೂಕದಲ್ಲಿ ಕಡಿಮೆಯೋ, ಕಸುವಿನಲ್ಲಿ ಕಡಿಮೆಯೋ, ಕೂಲಿಯಲ್ಲಿ ಕಡಿಮೆಯೋ ಎಂದು ನೀವೇ ಮೊದಲು ನೋಡುವವರು.

ಅಗ್ಗದ ವಿಮಾನವೆಂಬುದು ಕನಸಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಸಾಕ್ಷಿ ಇದೆ. ಸೊಲ್ಲಾಪುರದ ವಾಲಚಂದ ಹಿರಾಚಂದರು ಮೈಸೂರು ಸಂಸ್ಥಾನದ ಹಣದ ನೆರವಿನಿಂದ 1940ರ ಡಿಸೆಂಬರದಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ ವಿಮಾನ ಕಾರಖಾನೆಯನ್ನು ಸ್ಥಾಪಿಸಿದರು. 1942ರಲ್ಲಿ ಸರಕಾರ ಅದರ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಈ ಕಾರಖಾನೆಯ ಕೆಲಸಗಾರರು ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಾಡಿದ ಒಂದು ಸಾಹಸ ಪಠ್ಯಪುಸ್ತಕಗಳಲ್ಲಿ ಬರಬೇಕಾಗಿತ್ತು. ಯುದ್ಧ ಮುಗಿದ ಮೇಲೆ ಇಂಗ್ಲೀಷರ ವಿಮಾನಪಡೆಯು ಕಾನಪುರದಲ್ಲಿ ಅಮೇರಿಕೆಯ ಲಿಬರೇಟರ್ ಎಂಬ ನಾಲ್ಕು ಇಂಜಿನ್ನಿನ ಬಾಂಬರುಗಳನ್ನು, ಮತ್ತೆ ಯಾರೂ ಹಾರಿಸಬಾರದೆಂದು ಬೇಕೆಂತಲೇ ಕೆಡಿಸಿ, ಗುಜರಿಯಾಗಿ ಬಿಟ್ಟುಹೋಗಿತ್ತು. 1948ರಿಂದ ನಮ್ಮವರು ಒಂದರ ಅಂಗ ಇನ್ನೊಂದಕ್ಕೆ ಜೋಡಿಸಿ, ಹಾರುವಷ್ಟು ಮಟ್ಟಿಗೆ ರಿಪೇರಿ ಮಾಡಿ, ಬೆಂಗಳೂರಿಗೆ ಹಾರಿಸಿಕೊಂಡು ಬಂದು, ಅಲ್ಲಿ ಪೂರ್ತಿ ಹೊಸದು ಮಾಡಿದರು. ಹೀಗೆ ಸುಮಾರು 40 ವಿಮಾನ ಎದ್ದವು. ಕೊನೆಯವು 1968ರ ವರೆಗೆ ಭಾರತದ ವಿಮಾನಪಡೆಯಲ್ಲಿ ದುಡಿದವು. ಗುಜರಿಯಿಂದ ವಿಮಾನದಳ ಕಟ್ಟಿದ ದೇಶದಲ್ಲಿ ಲೇಥ್ ಮೇಸ್ತ್ರಿಯ ನಕಾಶೆಗೆ ನಗುವದೆಂದರೇನು?

ಇನ್ನು ನಕಾಶೆಯ ಮಾತು. ನಮ್ಮ ನೆರೆಯ ಕೊಲ್ಲಾಪುರ ಜಿಲ್ಲೆಯಲ್ಲಿ 1908ರಲ್ಲಿ ಹುಟ್ಟಿದ ಡಾ. ವಿಷ್ಣು ಮಾಧವ ಘಾಟಗೆಯವರ ಹೆಸರು ಈ ಭಾಗದ ಎಷ್ಟು ಜನರಿಗೆ ಗೊತ್ತು? ಅವರು ಸ್ವಯಂಕಲಿತರಲ್ಲ. ಜರ್ಮನಿಯ ಗೊಟ್ಟಿಂಗೆನ್ನಿನಲ್ಲಿ ಪ್ರಾಂಟಲ್ ಎಂಬ ಜಗದ್ವಿಖ್ಯಾತ ಗುರುವಿನ ಹತ್ತಿರ ಓದಿ 1936ರಲ್ಲಿ ಡಾಕ್ಟರ್ ಆದವರು. ಬೆಂಗಳೂರಿಗೆ ಬಂದು ಯುದ್ಧಕಾಲದಲ್ಲಿ 10 ಜನ ಕೂಡುವ, ಇಂಜಿನ್ನಿಲ್ಲದ ಗ್ಲಾಯಡರಿನ ನಕಾಶೆ ತೆಗೆದರು. ಅವರ ಎಚ್‌ಟಿ-2 ಎಂಬ ತರಬೇತಿ ವಿಮಾನ 1951ರ ಆಗಸ್ಟದಲ್ಲಿ ಹಾರಿತು. 1958ರಲ್ಲಿ ಪುಷ್ಪಕ, 1959ರಲ್ಲಿ ಕೃಷಕ ಹಾರಿದವು. ಹೆಸರು ನೋಡಿರಿ, ಕೃಷಕ! ಹಾರುವ ಕ್ಲಬ್ಬುಗಳಿಗೆಂದು ಹೊರಟ ವಿಮಾನ. ಕ್ಲಬ್ಬುಗಳಿಂದ ಬೇಡಿಕೆ ಬರಲಿಲ್ಲ. ಆಗ ದಂಡಿನವರು, ನಮ್ಮ ಇಂಗ್ಲಂಡದ ಆಸ್ಟರ್ ವಿಮಾನಗಳು ಹಳತಾಗಿವೆ, ತೋಪಖಾನೆಯ ಕಣ್ಣಾಗಿ ಇದು ನಡೆದೀತು ಎಂದರು. 1965ರಿಂದ 1969ರ ವರೆಗೆ 68 ಕೃಷಕಗಳು ತಯಾರಾದವು. ನಮ್ಮ ತರುಣನ ನೋಟುಬುಕ್ಕಿನಲ್ಲಿ ಇರುವದು ಹೆಚ್ಚು ಕಡಿಮೆ ಇದೇ ವಿಮಾನ. ರೆಕ್ಕೆ ಮೇಲೆ, ಕಿಡಕಿ ದೊಡ್ಡದು, ಗಾಲಿ ಗಟ್ಟಿ, ವೇಗ ಕಡಿಮೆ, ಸಣ್ಣ ಮೈದಾನದಲ್ಲಿ ಇಳಿಯತಕ್ಕದ್ದು. ಗೊಟ್ಟಿಂಗೆನ್ನಿನ ಪಂಡಿತನೂ ಹೆದ್ದಾರಿಯ ಮೇಸ್ತ್ರಿಯೂ ಒಂದೇ ಚಿತ್ರಕ್ಕೆ ಬಂದಿದ್ದಾರೆ. ಕೆಲಸವೇ ಚಿತ್ರವನ್ನು ಕೇಳುವದು, ಅದಕ್ಕೆ.

ಗಿರಣಿಯ ಬಂಧುಗಳಿಗೆ ಇಲ್ಲಿ ವಿಶೇಷ ಹೇಳುವದಿದೆ. ಪುಷ್ಪಕದಂಥ ವಿಮಾನದ ಅಸ್ತಿಪಂಜರ ಬೆಸುಗೆ ಹಾಕಿದ ಉಕ್ಕಿನ ನಳಿಗೆಗಳದು, ಮೇಲಿನ ಚರ್ಮ ಬಟ್ಟೆಯದು. ಹೌದು, ಬಟ್ಟೆ! ಮೊದಲನೆಯ ಮಹಾಯುದ್ಧದಲ್ಲಿ ಐರ್ಲಂಡದ ನಾರುಬಟ್ಟೆಯ ಅಭಾವವಾದಾಗ ಅಮೇರಿಕದವರು ಹತ್ತಿಯ ಬಟ್ಟೆಗೆ ಬಂದರು. ಅದಕ್ಕೆ ಬರೆದಿಟ್ಟ ಕಟ್ಟಳೆ ಇದೆ. ಅಂಗುಲಕ್ಕೆ 80ರಿಂದ 84 ಎಳೆ, ಹಾಸಿನಲ್ಲಿಯೂ ಹೊಕ್ಕಿನಲ್ಲಿಯೂ. ಚದರ ಗಜಕ್ಕೆ 4 ಔನ್ಸಿನ ಆಸುಪಾಸು ತೂಕ. ಒಂದಂಗುಲ ಅಗಲದ ಪಟ್ಟಿ 80 ಪೌಂಡಿನ ಎಳೆತ ತಾಳಬೇಕು. ರೆಕ್ಕೆಗೆ ಹೊದಿಸಿ ಹೊಲಿದ ಮೇಲೆ ಡೋಪ್ ಎಂಬ ವಾರ್ನೀಷಿನಂಥ ದ್ರವ ಬಳಿದರೆ ಬಟ್ಟೆ ಬಿಗಿದು ನಗಾರಿಯಂತಾಗುವದು. ಬಿಸಿಲು ಮಳೆ ತಿಂದು ಅದರ ಕಸುವು 56 ಪೌಂಡಿಗಿಂತ ಕೆಳಗಿಳಿಯಿತೆಂದರೆ ಕಿತ್ತೊಗೆದು ಹೊಸದು ಹೊದಿಸಬೇಕು. ಒಂದು ಎಳೆ ತಪ್ಪಿದರೆ ಮಗ್ಗ ನಿಲ್ಲಿಸುವ ಕೈಗಳಿಗೆ ಇದು ತಿಳಿಯದ ವಿದ್ಯೆಯೇ? ಗುಂಡು ತೂರಿದ ತಗಡಿಗೆ ಕಾರಖಾನೆ ಬೇಕು. ಗುಂಡು ತೂರಿದ ಬಟ್ಟೆಗೆ ಸೂಜಿ, ತೇಪೆ, ಡೋಪು ಸಾಕು. ವಿಮಾನ ಅಗ್ಗವಾಗುವದು ಕೊಳ್ಳುವ ದಿನವಲ್ಲ, ಅದನ್ನು ಹತ್ತು ವರ್ಷ ಸಾಮಾನ್ಯ ಕೈಗಳು ದುರಸ್ತಿ ಮಾಡಿಕೊಂಡು ಹೋಗುವದರಲ್ಲಿ.

ಇದೊಂದು ಬಗೆಯ ಅಗ್ಗ. ಇನ್ನೊಂದು ಬಗೆಯದನ್ನೂ ನೋಡಬೇಕು.

1944ರಲ್ಲಿ ಸೋಲುತ್ತಿದ್ದ ಹಿಟ್ಲರನ ಸರಕಾರವು 'ಜನತೆಯ ಫೈಟರ್' ಎಂಬ ಹೆಸರಿನಿಂದ ಅಗ್ಗದ ಜೆಟ್ ವಿಮಾನವೊಂದನ್ನು ಮೂರು ತಿಂಗಳೊಳಗೆ ಹಾರಿಸಿತು. ಹೈಂಕಲ್ ಕಂಪನಿಯದು, ಹೆಚ್ಚಿನ ಭಾಗ ಕಟ್ಟಿಗೆಯದು. ಡಿಸೆಂಬರ 6ಕ್ಕೆ ಮೊದಲು ಹಾರಿತು. 10ಕ್ಕೆ ದೊಡ್ಡ ದೊಡ್ಡವರ ಮುಂದೆ ಹಾರಿಸುವಾಗ ರೆಕ್ಕೆ ಬಿಚ್ಚಿತು, ಚಾಲಕ ಸತ್ತ. ಕಾರಣ ಅಂಟು. ಒಳ್ಳೆಯ ಅಂಟು ತಯಾರಿಸುವ ಕಾರಖಾನೆ ಬಾಂಬಿಗೆ ಸುಟ್ಟುಹೋಗಿತ್ತು. ಬದಲಿಗೆ ತಂದ ಅಂಟಿನಲ್ಲಿಯ ಆಮ್ಲ ಕಟ್ಟಿಗೆಯನ್ನೇ ತಿನ್ನುತ್ತಿತ್ತು. ವಿಯೆನ್ನಾದ ಹತ್ತಿರ ನೆಲದಡಿಯ ಗುಹೆಯಲ್ಲಿ ಈ ವಿಮಾನಗಳನ್ನು ಜೋಡಿಸಿದವರು ಸೆರೆಶಿಬಿರದಿಂದ ಹಿಡಿದು ತಂದ ಕೈದಿಗಳು. ಕೂಲಿ ಇಲ್ಲ, ಸೂರ್ಯನ ಬೆಳಕಿಲ್ಲ. 'ಜನತೆ'ಯ ಹೆಸರು ಎಲ್ಲೆಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯುವರೋ ಅಲ್ಲೆಲ್ಲ ಕೂಲಿಯ ಪುಸ್ತಕ ತೆಗೆದು ನೋಡಬೇಕು.

ರಶಿಯಾದ್ದನ್ನೂ ಹೇಳುವೆ, ನಮ್ಮವರು ಎಂದು ಮುಚ್ಚಿಡುವದಿಲ್ಲ. ಪೋ-2 ಎಂಬ ಕಟ್ಟಿಗೆ-ಬಟ್ಟೆಯ ಜೋಡಿರೆಕ್ಕೆಯ ವಿಮಾನ 1928ರಲ್ಲಿ ಮೊದಲು ಹಾರಿತು. ಬರಿ 100 ಅಶ್ವಶಕ್ತಿಯ ಇಂಜಿನ್ನು. ತರಬೇತಿಗೆ, ಹೊಲಕ್ಕೆ ಔಷಧ ಸಿಂಪಡಿಸಲಿಕ್ಕೆ, ಗಾಯಾಳು ಸಾಗಿಸಲಿಕ್ಕೆ ಅದೇ. 20,000ಕ್ಕೂ ಮಿಕ್ಕಿ ತಯಾರಾದವು. 1942ರಿಂದ 588ನೆಯ ರೆಜಿಮೆಂಟಿನ ಹೆಣ್ಣುಮಕ್ಕಳು ರಾತ್ರಿಯ ಹೊತ್ತು ಇಂಜಿನ್ನು ಇಳಿಸಿ, ಸಪ್ಪಳವಿಲ್ಲದೆ ತೇಲಿ ಬಂದು, ಇದರಿಂದಲೇ ಜರ್ಮನರ ಮೇಲೆ ಬಾಂಬು ಹಾಕಿದರು. ಅವರ ಧೈರ್ಯಕ್ಕೆ ಕೈಮುಗಿಯಬೇಕು. ಆದರೆ 1944ರ ವರೆಗೆ ಅವರಿಗೆ ಪ್ಯಾರಾಶೂಟ್ ಇರಲಿಲ್ಲ. ಆ ತೂಕದಲ್ಲಿ ಇನ್ನಷ್ಟು ಬಾಂಬು ಒಯ್ಯಬಹುದಾಗಿತ್ತು. ಬಟ್ಟೆಗೆ ಬೆಂಕಿ ಹತ್ತಿದರೆ ಒಳಗಿನ ಇಬ್ಬರು ಅಲ್ಲಿಯೇ. ಮನೆಗೆ ಶತ್ರು ನುಗ್ಗಿದಾಗ ಹೀಗೆ ಮಾಡಬೇಕಾದೀತು. ಆದರೆ ಶಾಂತಿಕಾಲದಲ್ಲಿ ಮೇಜಿನ ಮುಂದೆ ಕೂತು, ಪ್ಯಾರಾಶೂಟಿನ ಹಣ ಉಳಿಯಿತು ಎಂದು ಲೆಕ್ಕ ಬರೆಯುವವನ ಕೈ ಹಿಡಿಯಬೇಕು.

ತಮ್ಮಾ, ನಿನ್ನ ನಕಾಶೆಯಲ್ಲಿ ಚಾಲಕನ ಸೀಟು ತಗಡಿನದು, ಕಟ್ಟು ಪಟ್ಟಿ ಒಂದೇ, ಪೆಟ್ರೋಲಿನ ಟಾಕಿ ಅವನ ಮೊಳಕಾಲಿನ ಮುಂದೆ. ಅಲ್ಲಿ ಮಾತ್ರ ಉಳಿತಾಯ ಬೇಡ. ಹಳೆಯ ಜೀಪಿನ ಇಂಜಿನ್ನು ಕೂಡಿಸುವೆನೆಂದಿರುವೆ. ವಿಲ್ಲಿಸ್ ಜೀಪಿನ ಇಂಜಿನ್ನು 365 ಪೌಂಡು ತೂಗಿ 60 ಅಶ್ವಶಕ್ತಿ ಕೊಡುತ್ತಿತ್ತು. ಪುಷ್ಪಕದ ಕಾಂಟಿನೆಂಟಲ್ ಇಂಜಿನ್ನು 200 ಪೌಂಡಿನ ಒಳಗೆ 90 ಅಶ್ವಶಕ್ತಿ ಕೊಡುತ್ತಿತ್ತು. ಅದಕ್ಕೆ ಎರಡು ಮ್ಯಾಗ್ನೆಟೋ, ಸಿಲಿಂಡರಿಗೆ ಎರಡೆರಡು ಪ್ಲಗ್ಗು. ಒಂದು ಸತ್ತರೆ ಇನ್ನೊಂದು ಮನೆ ಮುಟ್ಟಿಸುವದು. ಆ ಇಂಜಿನ್ನೂ, ಕೃಷಕದ 225 ಅಶ್ವಶಕ್ತಿಯದೂ ಅಮೇರಿಕೆಯ ನಮೂನೆಗಳೇ. ಘಾಟಗೆಯವರಂಥವರು ಇದ್ದೂ ದೇಶ ಇಂಜಿನ್ನಿಗೆ ಹೊರಗೆ ಕೈಚಾಚಿತೆಂಬುದು ನಮ್ಮ ಯೋಜನೆಗಳಲ್ಲಿಯ ದೊಡ್ಡ ತೂತು.

ಇನ್ನೊಂದು ಕಟುವಾದ ಮಾತು. ಕೃಷಕದ ಜಾಗಕ್ಕೆ 1970ರ ದಶಕದ ನಡುವೆ ಚೀತಾ ಹೆಲಿಕಾಪ್ಟರು ಬಂದಿತು. ಹಿಮಾಲಯದ ಇಕ್ಕಟ್ಟಿನಲ್ಲಿ ಅದು ಯೋಗ್ಯವೇ ಆಗಿತ್ತು. ಈಗ ತೋಪಿಗೆ ಕಣ್ಣಾಗುವ ಕೆಲಸವನ್ನು ಚಾಲಕನಿಲ್ಲದ ಡ್ರೋನುಗಳು ಮಾಡುತ್ತಿವೆ. 2022ರಿಂದ ಉಕ್ರೇನದ ಯುದ್ಧದಲ್ಲಿ ಜಗತ್ತೇ ಇದನ್ನು ನೋಡಿದೆ. ಆ ಕೆಲಸಕ್ಕೆ ಒಬ್ಬ ಮನುಷ್ಯನನ್ನು ನಿಧಾನ ವಿಮಾನದಲ್ಲಿ ಕೂಡಿಸಿ ಕಳಿಸುವದು ಇನ್ನು ಮೇಲೆ ಪಾಪ. ಆ ಪುಟ ಹರಿದುಬಿಡು. ಗಾಯಾಳುವನ್ನು ತರುವ, ಔಷಧ ಒಯ್ಯುವ ಪುಟ ಇಟ್ಟುಕೋ. ನೆರೆ ಬಂದಾಗಲೂ ಅದು ಬೇಕಾಗುವದು. 2019ರಲ್ಲಿ ಈ ಭಾಗದ ಹೊಳೆಗಳೆಲ್ಲ ಉಕ್ಕಿ ಹೆದ್ದಾರಿಯೇ ನಿಂತಾಗ ಏನಾಯಿತೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ದೊಡ್ಡವರ ಕೈಗೆ ಸಿಕ್ಕ ಸಣ್ಣ ವಿಚಾರ ಏನಾಗುವದೆಂಬುದಕ್ಕೆ ಒಂದು ಕತೆ ಇದೆ. 1960ರ ಸುಮಾರಿಗೆ ಅಮೇರಿಕೆಯ ರೈಸ್, ಬೆಕೆಟ್ ಎಂಬ ಇಬ್ಬರು ಮೆರೀನ್ ಅಧಿಕಾರಿಗಳು ಸಿಪಾಯಿಗಳ ಜೊತೆಗೇ ರಸ್ತೆಯ ಮೇಲಿಂದ ಏಳುವ ಸಣ್ಣ ವಿಮಾನದ ವಿಚಾರ ಮಾಡಿ, ಮನೆಯ ಗ್ಯಾರೇಜಿನಲ್ಲಿಯೇ ಮಾದರಿ ಕಟ್ಟಲು ತೊಡಗಿದರು. ರೆಕ್ಕೆಯ ಉದ್ದ 20 ಅಡಿ. ವಿಚಾರ ರಾಜಧಾನಿಗೆ ಹೋಯಿತು. ಒಂದು ಸಮಿತಿ ಒಂದು ಸೇರಿಸಿತು, ಇನ್ನೊಂದು ಸಮಿತಿ ಇನ್ನೊಂದು. ಕೊನೆಗೆ ದಂಡಿಗೆ ಬಂದ ಬ್ರಾಂಕೋ ವಿಮಾನದ ರೆಕ್ಕೆ 40 ಅಡಿ! ಒಳ್ಳೆಯ ವಿಮಾನವೇ, ಆದರೆ ರಸ್ತೆಯ ಬದಿಯ ಆ ಅಗ್ಗದ ವಿಮಾನ ಗ್ಯಾರೇಜಿನಲ್ಲಿಯೇ ಉಳಿಯಿತು.

ನಮ್ಮಲ್ಲಿ ತೊಂದರೆ ಇದಕ್ಕಿಂತ ಮೊದಲೇ ಇದೆ. ಮುಂಬಯಿಯ ಅಮೋಲ ಯಾದವ ಎಂಬ ವಿಮಾನ ಚಾಲಕರು ಮನೆಯ ಮಾಳಿಗೆಯ ಮೇಲೆ 6 ಸೀಟಿನ ವಿಮಾನ ಕಟ್ಟಿ 2016ರಲ್ಲಿ ಜನರಿಗೆ ತೋರಿಸಿದರು. ಅದಕ್ಕೆ ನೋಂದಣಿ ಸಿಕ್ಕಿದ್ದು 2017ರ ನವೆಂಬರದಲ್ಲಿ. ಅವರು ಹಾರಲು ಬಲ್ಲವರು, ಮುಂಬಯಿಯಲ್ಲಿ ಇದ್ದವರು. ಕೊಗನೊಳ್ಳಿಯ ಮೇಸ್ತ್ರಿ ಯಾವ ಕಚೇರಿಯ ಬಾಗಿಲು ಬಡಿಯಬೇಕು? 1934ರ ಕಾಯದೆ ಹೋಗಿ 2025ರ ಜನೇವರಿಯಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ವಿಮಾನದ ನಕಾಶೆ ಮಾಡುವದೂ ಅದರ ಹತೋಟಿಗೆ ಬರುವದು. ಹತೋಟಿ ಬೇಡವೆಂದು ನಾನು ಹೇಳುವದಿಲ್ಲ. ಕೆಟ್ಟ ಅಂಟಿನ ಕತೆ ಈಗಷ್ಟೇ ಹೇಳಿದೆ. ಆದರೆ ಹತೋಟಿ ಇಡುವ ಸರಕಾರವು ಪರೀಕ್ಷೆ ಮಾಡಿಕೊಡುವ ಜಾಗವನ್ನೂ ಕೊಡಬೇಕು. ಬೆಸುಗೆ, ಅಂಟು, ಬಟ್ಟೆ ಇವುಗಳನ್ನು ಎಳೆದು ನೋಡುವ ಯಂತ್ರಗಳು ಸರಕಾರದ ತಂತ್ರಶಾಲೆಗಳಲ್ಲಿ, ಇಚಲಕರಂಜಿಯಂಥ ಜವಳಿ ಊರಿನ ಪರೀಕ್ಷಾಲಯಗಳಲ್ಲಿ ಇರತಕ್ಕವು. ಪದವಿ ಇಲ್ಲದವನಿಗೂ ವಾರದಲ್ಲಿ ಒಂದು ದಿನ ಅವು ತೆರೆದಿರಬೇಕೆಂದು ಈ ಸಭೆ ಠರಾವು ಮಾಡಿ ಶಾಸಕರಿಗೂ ಜಿಲ್ಲಾಧಿಕಾರಿಗಳಿಗೂ ಕಳಿಸಬೇಕು.

ಠರಾವಿಗೆ ಉತ್ತರ ಬರುವ ತನಕ ಈ ತರುಣನು ಸುಮ್ಮನೆ ಕೂಡ್ರಬೇಕಾಗಿಲ್ಲ. ರೆಕ್ಕೆಯೊಂದನ್ನು ಕಟ್ಟಿ, ಅಂಗಾತ ಮಗುಚಿ, ಬುಡವನ್ನು ಭದ್ರವಾಗಿ ಬಿಗಿದು, ಮೇಲೆ ಮರಳಿನ ಚೀಲ ಹೇರುವದು ಎಲ್ಲ ದೇಶಗಳ ಹಳೆಯ ಪರೀಕ್ಷೆ. ಸಾಧಾರಣ ವಿಮಾನದ ರೆಕ್ಕೆಗಳು ಒಟ್ಟು ತೂಕದ 3.8 ಪಟ್ಟು ಭಾರ ಹೊರಬೇಕು. ಅದರ ಮೇಲೆ ಅರ್ಧದಷ್ಟು ಹೆಚ್ಚಿಗೆ, ಅಂದರೆ 5.7 ಪಟ್ಟು ಹೇರಿದರೂ ಮುರಿಯಬಾರದು. ಅವನ ವಿಮಾನ 700 ಕಿಲೋ ಎಂದರೆ ಹತ್ತಿರ ಹತ್ತಿರ 4,000 ಕಿಲೋ. 50 ಕಿಲೋದ 80 ಚೀಲ, ಒಂದು ರೆಕ್ಕೆಗೆ 40. ಖಾಲಿ ಚೀಲಗಳನ್ನು ನಿಪ್ಪಾಣಿ ಪೇಟೆಯ ವ್ಯಾಪಾರಿ ಬಂಧುಗಳು ಕೊಡಲಿ. ಹೊರಲು ಗಿರಣಿಯ ಎರಡನೆಯ ಪಾಳಿಯವರು ಬರಲಿ. ಚೀಲ ಎಣಿಸುತ್ತ ಒಬ್ಬರು ಬರೆದುಕೊಳ್ಳಲಿ, ಎಷ್ಟನೆಯ ಚೀಲಕ್ಕೆ ಎಲ್ಲಿ ಸಪ್ಪಳವಾಯಿತೆಂಬುದನ್ನು.